ಮೊದಲ ಬೆಂಚಿನ ಗಂಟೆಯಮ್ಮ

ಹತ್ತೂಕಾಲಿಗೆ ಸರಿಯಾಗಿ ಫೋನು ಮತ್ತೆ ಬಡಿದುಕೊಂಡಿತು. ಮಗಳು ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಅಲ್ಲೇ ಕುಕ್ಕಿ, ತೀರಿಕೊಂಡ ಅಮ್ಮನ ಸುತ್ತ ಕೂತಿದ್ದವರ ಮೊಣಕಾಲುಗಳನ್ನು ದಾಟಿಕೊಂಡು ಹೋಗಿ, ಮೊದಲು ದಿಂಬಿನ ಕೆಳಗೆ, ಆಮೇಲೆ ಹಾಸಿಗೆಯ ಸಂದಿಗೆ, ಕೊನೆಗೆ ಗೋಡೆಯ ಗೂಡಿಗೆ ಕೈ ಹಾಕಿದಳು. ಫೋನು ಗೂಡಿನಲ್ಲಿ, ಕನ್ನಡಕದ ಡಬ್ಬಿಯ ಹಿಂದೆ ಇತ್ತು. ಅದರ ಬಾಯಿ ಮುಚ್ಚಿಸಿದಳು.

"ಏನೇ ಅದು, ಆಗಿಂದ?" ಅಂದ ಬಾಗಿಲಲ್ಲಿ ನಿಂತಿದ್ದ ಅಣ್ಣ.

"ಎರಡನೇ ಪೀರಿಯಡ್ಡು."

ಅಣ್ಣನಿಗೆ ನಗು ಬಂತು, ನುಂಗಿಕೊಂಡ. ಅವರ ಅಮ್ಮ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕಸ ಗುಡಿಸಿ, ನೀರು ತುಂಬಿಸಿ, ಗಂಟೆ ಹೊಡೆದವಳು. ಊರಿಗೆಲ್ಲ ಅವಳು ಗಂಟೆಯಮ್ಮ; ನಿಜವಾದ ಹೆಸರು ಸಂಬಳದ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ನಿವೃತ್ತಿಯಾಗಿ, ಶಾಲೆಗೆ ಕರೆಂಟಿನ ಗಂಟೆಯೂ ಬಂದ ಮೇಲೆ ಫೋನಿನಲ್ಲಿ ಎಂಟು ಅಲಾರಂ ಇಡಿಸಿಕೊಂಡಿದ್ದಳು. "ಮನೇಲಿ ಕೂತಿದ್ರೂ ಅಲ್ಲಿ ಎಷ್ಟನೇ ಪೀರಿಯಡ್ಡು ಅಂತ ಗೊತ್ತಾಗಬೇಕಲ್ಲ" ಅನ್ನುತ್ತಿದ್ದಳು. ಇಟ್ಟುಕೊಟ್ಟವಳು ಮಗಳೇ. ಹೇಗೆ ಇಡೋದು ಅಂತ ಮಾತ್ರ ಹೇಳಿಕೊಟ್ಟಿರಲಿಲ್ಲ.

ಎಂಟನ್ನೂ ಒಟ್ಟಿಗೆ ತೆಗೆದುಹಾಕಬಹುದಿತ್ತು. ಕೈ ಬರಲಿಲ್ಲ. ಫೋನನ್ನು ಅಣ್ಣನ ಅಂಗಿಯ ಜೇಬಿಗೆ ತುರುಕಿ, "ವ್ಯಾನಿನವನು ಇದಕ್ಕೇ ಫೋನ್ ಮಾಡ್ತಾನೆ, ನೀನೇ ಇಟ್ಕೊ" ಅಂದು ಅಡುಗೆಮನೆಗೆ ಹೋದಳು. ಅಲ್ಲಿಂದ ಹಿತ್ತಲಿಗೆ, ಹಿತ್ತಲಿಂದ ಬೀದಿಗೆ, ಬೀದಿಯಿಂದ ಮತ್ತೆ ಒಳಕ್ಕೆ. ಕುರ್ಚಿ ಸರಿಮಾಡಿದಳು. ಯಾರೂ ಕುಡಿಯದ ನೀರನ್ನು ಚೆಲ್ಲಿ ಹೊಸದಾಗಿ ತುಂಬಿದಳು. ಪಕ್ಕದ ಮನೆಯಾಕೆ ಎರಡು ಸಲ ಸೆರಗು ಹಿಡಿದು ಎಳೆದರು.

"ಒಂದು ಗಳಿಗೆ ಅಮ್ಮನ ಹತ್ತಿರ ಕೂತ್ಕೊಳ್ಳೇ."

"ಕೂರ್ತೀನಿ, ಲೋಟ ತೊಳೆದುಬಿಟ್ಟು."

ಅವಳಿಗೆ ಕೂರಲು ಆಗುತ್ತಿರಲಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ಮೇಷ್ಟ್ರುಗಳು, ಟೀಚರುಗಳು. ಅವರು ಒಬ್ಬೊಬ್ಬರಾಗಿ ಬಂದು, ಹೂವಿಟ್ಟು, ಕೂತು, ಮಾತಾಡುತ್ತಿದ್ದರು. ಆ ಮಾತು ಕೇಳಲು ಅವಳಿಂದ ಆಗುತ್ತಿರಲಿಲ್ಲ.

"ನಾನು ಸನ್ನೆಗೋಲಿನ ಪಾಠ ಮಾಡಿದ್ದೆ," ಅಂದರು ಒಬ್ಬರು. "ಸ್ಕೇಲು ಮುರಿದು ಅವರ ಮಡಿಲಿಗೇ ಬಿತ್ತು."

"ನಂದು ರಕ್ತಪರಿಚಲನೆ. ಹೃದಯದ ಎಡ ಬಲ ಅದಲುಬದಲು ಹೇಳ್ಬಿಟ್ಟಿದ್ದೆ. ಆದ್ರೂ ತಿಳೀತು ಅಂದ್ರು, ಪುಣ್ಯಾತ್ಗಿತ್ತಿ."

"ಯಾರಿಗೆ ತಾನೆ ಇಲ್ಲ ಅಂದ್ರು ಅವರು?"

ಲೋಟ ತೊಳೆಯುತ್ತಿದ್ದವಳ ಕೈ ನಿಂತಿತು. ಒಬ್ಬಳಿಗೆ ಅಂದಿದ್ದಳು. ಆ ಒಬ್ಬಳು ತಾನೇ.

* * *

ಶಾಲೆಯ ಹಳೆಯ ಹೆಡ್‌ಮಿಸ್ ಒಬ್ಬರು ಸಾಯುವಾಗ ತಮ್ಮ ಮನೆಯನ್ನು ಶಾಲೆಗೆ ಬರೆದಿಟ್ಟು ಹೋಗಿದ್ದರು. ಅದರ ಬಾಡಿಗೆಯಲ್ಲಿ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಗೆ, ಮುಂದೆ ಟೀಚರ್ ಆಗುತ್ತೇನೆ ಅನ್ನುವವರಿಗೆ, ಓದು ಮುಗಿಯುವ ತನಕ ವಿದ್ಯಾರ್ಥಿವೇತನ. ಬರೀ ಅಂಕ ನೋಡಿ ಕೊಡಬೇಡಿ ಅಂತಲೂ ಬರೆದಿದ್ದರು. ವಿಷಯ ಗೊತ್ತಿಲ್ಲದ ಒಬ್ಬರಿಗೆ ಹತ್ತು ನಿಮಿಷ ಪಾಠ ಹೇಳಿಸಿ, ಅವರಿಗೆ ತಿಳಿಯಿತೇ ಕೇಳಿ, ಆಮೇಲೆ ಕೊಡಿ.

ಸಹಪಾಠಿಗಳನ್ನು ಕೂರಿಸಿದರೆ ಗೆಳೆಯರಿಗೆ ಗೆಳೆಯರು ತಲೆಯಾಡಿಸುತ್ತಾರೆ. ಮೇಷ್ಟ್ರುಗಳಿಗೆ ಎಲ್ಲ ಗೊತ್ತು, ಅಥವಾ ಗೊತ್ತಿರುವ ಹಾಗೆ ಇರಬೇಕು. ಕೊನೆಗೆ ಮುಖ್ಯೋಪಾಧ್ಯಾಯರು ಗಂಟೆಯಮ್ಮನನ್ನು ಕರೆದು ಮೊದಲ ಬೆಂಚಿನಲ್ಲಿ ಕೂರಿಸಿದರು.

ಆಗ ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಪೊರಕೆಯನ್ನು ಬಾಗಿಲ ಹಿಂದೆ ನಿಲ್ಲಿಸಿ, ಕೈ ಒರೆಸಿಕೊಂಡು ಕೂರುತ್ತಿದ್ದಳು. ಒಳ್ಳೆಯ ಸೀರೆ ಉಟ್ಟು ಬರುತ್ತಿದ್ದದ್ದು ವರ್ಷದಲ್ಲಿ ಆ ಒಂದು ದಿನ.

ಮಗಳು ನಿಂತದ್ದು ನಾಲ್ಕನೇ ವರ್ಷ. ಸೂರ್ಯಗ್ರಹಣ ಅವಳ ಪಾಠ. ಟಾರ್ಚು ಸೂರ್ಯ, ರಬ್ಬರ್ ಚೆಂಡು ಭೂಮಿ, ಗೋಲಿ ಚಂದ್ರ. ಎಂಟು ಸಂಜೆ ಮನೆಯಲ್ಲಿ, ಒಲೆಯ ಮುಂದೆ ಕೂತ ಅಮ್ಮನಿಗೇ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದಳು. ಅಂದು ಒಂದು ಮಾತೂ ತಪ್ಪಲಿಲ್ಲ. ಹಿಂದಿನ ಬೆಂಚಿನಲ್ಲಿ ಕೇಳುತ್ತ ಕೂತಿದ್ದ ಮೂವರು ಮೇಷ್ಟ್ರುಗಳಲ್ಲಿ ಒಬ್ಬರು "ಶಭಾಷ್" ಅಂದದ್ದೂ ಅವಳ ಕಿವಿಗೆ ಬಿತ್ತು.

"ತಿಳಿಯಿತೇನಮ್ಮ?" ಅಂದರು ಮುಖ್ಯೋಪಾಧ್ಯಾಯರು.

ಗಂಟೆಯಮ್ಮ ಮಗಳ ಮುಖ ನೋಡಲಿಲ್ಲ. ಬೆಂಚಿನ ಮೇಲಿದ್ದ ತನ್ನ ಅಂಗೈಗಳನ್ನು ನೋಡಿಕೊಂಡಳು.

"ತಿಳೀಲಿಲ್ಲ ಸರ್."

ಸಂಜೆ ಬೋರ್ಡಿನ ಮೇಲೆ ಭಿನ್ನರಾಶಿಯ ಪಾಠ ಮಾಡಿದ ಹುಡುಗಿಯ ಹೆಸರಿತ್ತು. ಮಗಳು ಚೆಂಡು, ಗೋಲಿ ಎರಡನ್ನೂ ಚರಂಡಿಗೆ ಎಸೆದು ಮನೆಗೆ ಬಂದಳು. ಮಾರನೆಯ ಸಂಜೆ ಅಮ್ಮ ಪಕ್ಕಕ್ಕೆ ಬಂದು ಕೂತು, "ಬೇರೆ ಏನಾದ್ರೂ ಹೇಳ್ಕೊಡೇ, ಕೇಳ್ತೀನಿ" ಅಂದಳು.

"ನಿಂಗೆ ತಿಳಿಯಲ್ಲ, ಬಿಡಮ್ಮ."

ಓದು ಅಲ್ಲಿಗೇ ನಿಂತಿತು; ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದಳು. ಕೆಲಸ ಚೆನ್ನಾಗಿಯೇ ಕೈಹಿಡಿಯಿತು. ಅಮ್ಮ ಮಾತ್ರ ಬಿಡಲಿಲ್ಲ. ಗ್ಯಾಸಿನ ಸಿಲಿಂಡರ್ ಬದಲಾಯಿಸೋದು ಹೇಗೆ, ಬಸ್ಸಿನ ನಂಬರು ಓದೋದು ಹೇಗೆ, ಗಾಜು ಉಜ್ಜಿದರೆ ಕಣ್ಣು ಕಾಣೋದು ಹೇಗೆ, ಈ ಫೋನಿನಲ್ಲಿ ಅಲಾರಂ ಇಡೋದು ಹೇಗೆ. "ಹೇಳ್ಕೊಡೇ" ಅನ್ನುತ್ತಿದ್ದಳು. ಮಗಳು ಇಪ್ಪತ್ತಾರು ವರ್ಷ ಒಂದೇ ಉತ್ತರ ಕೊಟ್ಟಳು: "ಕೊಡು ಇಲ್ಲಿ, ನಾನೇ ಮಾಡ್ತೀನಿ."

* * *

ಹನ್ನೊಂದಕ್ಕೆ ಅಣ್ಣನ ಜೇಬು ಬಡಿದುಕೊಂಡಿತು. ಅವನು ಅದನ್ನು ಅಂಗೈಯಲ್ಲಿ ಅದುಮಿಕೊಂಡು ಬೀದಿಗೆ ಓಡಿದ. ಅದೇ ಹೊತ್ತಿಗೆ ಲೆಕ್ಕದ ಟೀಚರ್ ಒಳಗೆ ಬಂದರು. ಭಿನ್ನರಾಶಿಯ ಹುಡುಗಿ ಇವರೇ. ಈಗ ಅದೇ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಅತ್ತು ಅತ್ತು ಮೂಗು ಕೆಂಪಾಗಿತ್ತು. ಹೂವಿಟ್ಟು ನೇರ ಅಡುಗೆಮನೆಗೆ ಬಂದು ಮಗಳ ಕೈ ಹಿಡಿದುಕೊಂಡರು.

"ಇವತ್ತು ಕೇಳೋ ಮಾತಲ್ಲ ಕಣೇ. ಆದರೆ ಶುಕ್ರವಾರ ಸ್ಕಾಲರ್‌ಶಿಪ್ಪಿನ ಪಾಠ ಇದೆ. ಮೂರು ಜನ ಮಕ್ಕಳು ತಿಂಗಳಿಂದ ತಯಾರಿ ಮಾಡ್ಕೊಂಡಿದಾರೆ. ಅಮ್ಮನ ಜಾಗದಲ್ಲಿ ನೀನು ಬಂದು ಕೂತ್ಕೊಂಡ್ರೆ..."

"ನಾನಾ?" ಮಗಳು ಕೈ ಬಿಡಿಸಿಕೊಂಡಳು. "ಚೆನ್ನಾಗಿದೆ. ಹೇಳೋಕೂ ಬರದೆ ಹೋದವಳು, ಈಗ ಕೇಳೋಕೆ ಬರಬೇಕಾ?"

"ಹಾಗಲ್ವೇ..."

"ಹೃದಯ ಉಲ್ಟಾ ಹೇಳಿದವರಿಗೂ ತಿಳೀತು ಅಂದಳಂತೆ. ನಂಗೊಬ್ಬಳಿಗೆ ಯಾಕೆ ಅನ್ನಲಿಲ್ಲ? ಇವತ್ತು ಕೇಳೋಣ, ನಾಳೆ ಕೇಳೋಣ ಅಂತ ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಮೊನ್ನೆ ಆಸ್ಪತ್ರೇಲೂ ಬಾಯಿಗೆ ಬಂತು. ಕೇಳಲಿಲ್ಲ. ಈಗ ಯಾರನ್ನ ಕೇಳಲಿ, ಹೇಳು. ಯಾರನ್ನ ಕೇಳಲಿ?"

ದನಿ ಅವಳಿಗೇ ತಿಳಿಯದಂತೆ ಏರಿತ್ತು. ನಡುಮನೆಯಲ್ಲಿದ್ದವರು ಇತ್ತ ತಿರುಗಿದರು. ಗೋಡೆಗೆ ಒರಗಿಸಿದ್ದ ಕುರ್ಚಿಯಲ್ಲಿ ಬೆಳಗಿನಿಂದ ಕೂತಿದ್ದ ಮುದುಕರು ಕೋಲು ಊರಿಕೊಂಡು ಎದ್ದರು. ಅವರೇ ಆಗಿನ ಮುಖ್ಯೋಪಾಧ್ಯಾಯರು. ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು.

"ನನ್ನ ಕೇಳಮ್ಮ," ಅಂದರು.

* * *

ಬೋರ್ಡಿನಲ್ಲಿ ಹೆಸರು ಬರೆದ ಮಾರನೆಯ ಬೆಳಿಗ್ಗೆ, ಮೊದಲ ಗಂಟೆಗೂ ಮುಂಚೆ, ಗಂಟೆಯಮ್ಮ ಅವರ ಕೋಣೆಗೆ ಬಂದಿದ್ದಳು. ಕಣ್ಣು ಊದಿಕೊಂಡಿತ್ತು.

"ಸರ್, ನಿನ್ನೆ ನಾನು ತಪ್ಪು ಹೇಳಿದ್ನೋ ಏನೋ. ನನ್ನ ಮಗಳ ಪಾಠ ನಂಗೆ ತಿಳಿದಿತ್ತು."

"ಮತ್ತೆ ತಿಳೀಲಿಲ್ಲ ಅಂದೆಯಲ್ಲ?"

"ಮನೇಲೇ ತಿಳಿದುಹೋಗಿತ್ತು ಸರ್. ಎಂಟು ದಿನ ಹೇಳಿದ್ಲು, ನಾಲ್ಕನೇ ದಿನಕ್ಕೇ ತಿಳಿದುಹೋಯ್ತು. ಬೆಂಚಲ್ಲಿ ಕೂತಾಗ ಹೊಸದಾಗಿ ತಿಳಿಯೋಕೆ ಏನೂ ಉಳಿದಿರಲಿಲ್ಲ. ಮೊದಲನೇ ವರ್ಷ ನೀವೇ ಹೇಳಿದ್ರಲ್ಲ, ಇಲ್ಲಿ ಕೂತು, ಈ ಹತ್ತು ನಿಮಿಷದಲ್ಲಿ ತಿಳಿದ್ರೆ ಮಾತ್ರ ತಿಳೀತು ಅನ್ನಬೇಕು ಅಂತ. ಮಗಳು ಅಂತ ಸುಳ್ಳು ಹೇಳೋಕಾಗುತ್ತಾ?"

ಅವರು ನಂಬಲಿಲ್ಲ. ಆಗ ಅವಳು ಮೇಜಿನ ಮೇಲಿದ್ದ ಸೀಮೆಸುಣ್ಣದ ತುಂಡನ್ನು ತೆಗೆದುಕೊಂಡು ಒಂದು ಕಣ್ಣು ಮುಚ್ಚಿ, ತುಂಡನ್ನು ಇನ್ನೊಂದು ಕಣ್ಣಿನ ಹತ್ತಿರ ಹಿಡಿದು, ಮೇಲಿನ ಬಲ್ಬನ್ನು ಮರೆಮಾಡಿ ತೋರಿಸಿದಳು. "ಬಲ್ಬು ದೊಡ್ಡದು, ಇದು ಚಿಕ್ಕದು. ಆದ್ರೆ ಇದು ಹತ್ತಿರ ಇದೆ, ಅದಕ್ಕೇ ಮುಚ್ಚುತ್ತೆ. ಚಂದ್ರನೂ ಹಂಗೇ ಸರ್. ನೀವೂ ಹಿಡಿದು ನೋಡಿ." ಅವರೂ ಹಿಡಿದು ನೋಡಿದರು. ಅವರು ಓದಿದ್ದು ಇತಿಹಾಸ. ಗ್ರಹಣ ಸರಿಯಾಗಿ ತಲೆಗೆ ಹೋದದ್ದು ಅವತ್ತೇ.

ಆದರೆ ಹೆಸರು ಬೋರ್ಡಿಗೆ ಬಿದ್ದಾಗಿತ್ತು. ಅಳಿಸಿದರೆ ಗಲಾಟೆ, ಗುಡಿಸುವವಳ ಮಾತು ಕೇಳಿ ಬದಲಾಯಿಸಿದರು ಅನ್ನುತ್ತಾರೆ. "ಇದನ್ನ ಮನೇಲೂ ಬಾಯಿ ಬಿಡಬೇಡ, ನಿನ್ನ ಕೆಲಸಕ್ಕೂ ಕುತ್ತು" ಅಂದರು. ಗಂಟೆಯಮ್ಮ ಹೋಗಲಿಲ್ಲ. ಬಾಗಿಲಲ್ಲಿ ನಿಂತೇ ಇದ್ದಳು.

"ಮತ್ತೆ ನಾನು ಅವಳಿಗೆ ತಿಳೀತು ಅಂತ ಯಾವಾಗ ಹೇಳಲಿ ಸರ್?"

ಅವರಿಗೆ ಮೊದಲನೇ ಪೀರಿಯಡ್ಡಿಗೆ ಹೊತ್ತಾಗುತ್ತಿತ್ತು. "ಬೇರೆ ಏನಾದ್ರೂ ಹೇಳಿಸ್ಕೊ ಅವಳ ಹತ್ತಿರ. ಅದಕ್ಕೆ ಹೇಳು," ಅಂದುಬಿಟ್ಟರು.

* * *

ಮಗಳು ಅಡುಗೆಕಟ್ಟೆಗೆ ಒರಗಿ ನಿಂತಿದ್ದಳು. ಬೆಳಗಿನಿಂದ ಮೊದಲ ಸಲ ಅವಳ ಕೈಯಲ್ಲಿ ಕೆಲಸವಿರಲಿಲ್ಲ.

"ಬೋರ್ಡು ಒರೆಸೋಕೆ ಎಷ್ಟು ಹೊತ್ತು ಬೇಕಿತ್ತು ಸರ್?"

"ಅರ್ಧ ನಿಮಿಷ," ಅಂದರು ಅವರು. "ನಂಗೆ ನನ್ನ ಮರ್ಯಾದೆ ದೊಡ್ಡದಾಯ್ತು. ಆಮೇಲೆ ನಿಮ್ಮಮ್ಮ ಯಾರಿಗೂ ತಿಳೀಲಿಲ್ಲ ಅನ್ನಲಿಲ್ಲ. ಕೊಡೋದು ಬಿಡೋದು ನಾವೇ ನೋಡ್ಕೊಂಡ್ವಿ. ಮಗಳಿಗೆ ತಿಳೀತು ಅಂದೆಯಾ ಅಂತ ಪ್ರತಿ ವರ್ಷ ಕೇಳ್ತಿದ್ದೆ. ಇಲ್ಲ ಸರ್, ಅವಳು ಏನೂ ಹೇಳ್ಕೊಡಲ್ಲ, ಮುಂದಿನ ವರ್ಷ ನೋಡೋಣ ಅನ್ನೋಳು."

ಮಗಳು ಅವರನ್ನು ಕೂರಿಸಲಿಲ್ಲ, ನೀರು ಕೊಡಲಿಲ್ಲ. ಕ್ಷಮಿಸುವ ಮನಸ್ಸು ಅವಳಿಗೆ ಆ ಹೊತ್ತಿನಲ್ಲಿ ಇರಲಿಲ್ಲ, ಇದೆ ಅಂತ ತೋರಿಸಿಕೊಳ್ಳಲೂ ಇಲ್ಲ. ಅವಳಿಗೆ ಕಣ್ಣ ಮುಂದೆ ಬರುತ್ತಿದ್ದದ್ದು ಗ್ಯಾಸಿನ ಸಿಲಿಂಡರು, ಬಸ್ಸಿನ ನಂಬರು, ಫೋನು ಹಿಡಿದು ಮುಂದೆ ಚಾಚಿದ ಅಮ್ಮನ ಕೈ. ಅಯ್ಯೋ, ಒಂದೇ ಒಂದು ಸಲ ಹೇಳಿಕೊಟ್ಟಿದ್ದರೆ ಆಗುತ್ತಿತ್ತಲ್ಲ ಅಂದುಕೊಂಡಳು. ಅವಳು ಅಲ್ಲೇ ನೆಲದ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಲೆಕ್ಕದ ಟೀಚರ್ ಪಕ್ಕದಲ್ಲಿ ಕೂತರು. "ಹಾಗಾದ್ರೆ ಆ ಸ್ಕಾಲರ್‌ಶಿಪ್ಪು ನಿಂದೇ ಕಣೇ," ಅಂದರು.

ಮಗಳು ಮೂಗು ಒರೆಸಿಕೊಂಡಳು. "ನೀನೂ ಚೆನ್ನಾಗೇ ಹೇಳಿದ್ದೆ. ಒಂದು ಮಾತ್ರೇನ ಕಾಲು ಭಾಗ ಮಾಡೋವಾಗೆಲ್ಲ ಅಮ್ಮ ನಿನ್ನ ಹೆಸರು ಹೇಳೋಳು. ನಂಗೆ ಮೈಯೆಲ್ಲ ಉರಿಯೋದು."

ವ್ಯಾನು ಬಂತು. ಅಮ್ಮನ ಹತ್ತಿರ ಕೂರು ಅಂತ ಯಾರೂ ಹೇಳಬೇಕಾಗಲಿಲ್ಲ; ಮಗಳೇ ಮೊದಲು ಹತ್ತಿ ಅವಳ ತಲೆಯ ಬಳಿ ಕೂತಳು. ಎದುರಿಗೆ ಲೆಕ್ಕದ ಟೀಚರ್. ಶಾಲೆಯ ಗೇಟು ದಾಟುವಾಗ ಮಗಳು ಹೊರಗೆ ನೋಡುತ್ತಲೇ ಕೇಳಿದಳು.

"ಶುಕ್ರವಾರ ಎಷ್ಟು ಗಂಟೆಗೆ?"

"ಹತ್ತಕ್ಕೆ."

"ಗ್ರಹಣ ಇದ್ರೆ ನಾನು ಕೂರಲ್ಲ. ಅದು ನಂಗೆ ಮೊದಲೇ ಗೊತ್ತು."

ಮಣ್ಣು ಮಾಡಿ ಮುಗಿಯುವಾಗ ನಾಲ್ಕಾಯಿತು. ಅಣ್ಣ ಕೊನೆಯ ಹಿಡಿ ಮಣ್ಣು ಹಾಕಿ ಏಳುತ್ತಿದ್ದಂತೆ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎಂಟನೆಯದು, ಮನೆಗೆ ಬಿಡುವ ಗಂಟೆ; ಅಮ್ಮ ಅದನ್ನು ಉದ್ದವಾಗಿ, ಜೋರಾಗಿ ಇಡಿಸಿಕೊಂಡಿದ್ದಳು. ಗೇಟಿನ ಕಡೆ ಹೊರಟಿದ್ದ ಮೇಷ್ಟ್ರುಗಳೆಲ್ಲ ನಿಂತು ತಿರುಗಿದರು. ಅಣ್ಣ ಫೋನು ಹೊರತೆಗೆದು ಅಲ್ಲಿ ಇಲ್ಲಿ ಒತ್ತಿದ. ಹಿಂದಿನವುಗಳ ಹಾಗೆ ಅದು ತಾನಾಗಿ ನಿಲ್ಲಲಿಲ್ಲ.

"ಇದು ಹೇಗೆ ನಿಲ್ಲುತ್ತೇ? ಹೇಳೇ," ಅಂದ.

ಮಗಳ ಕೈ ತಾನಾಗಿ ಮುಂದಕ್ಕೆ ಹೋಯಿತು. ಕೊಡು ಇಲ್ಲಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಅಣ್ಣನ ಪಕ್ಕಕ್ಕೆ ಬಂದು ನಿಂತಳು.

"ಇಲ್ಲಿ ನೋಡು. ಈ ದುಂಡಗಿರೋದು ಕಾಣ್ತಿದೆಯಾ? ಒತ್ತಬೇಡ. ಬೆರಳಿಟ್ಟು ಬಲಕ್ಕೆ ಎಳಿ."

ಅವನು ಎಡಕ್ಕೆ ಎಳೆದ. ಫೋನು ಬಡಿದುಕೊಳ್ಳುತ್ತಲೇ ಇತ್ತು.

"ಆ ಕಡೆ ಅಲ್ಲ. ಅವಸರ ಮಾಡ್ಕೋಬೇಡ. ಇನ್ನೊಂದ್ಸಲ. ನಿಧಾನಕ್ಕೆ, ಕೊನೇವರೆಗೂ."

ಫೋನು ನಿಂತಿತು.

"ತಿಳೀತಾ?" ಅಂದಳು. ಕಣ್ಣು ಮಾತ್ರ ಹಸಿ ಮಣ್ಣಿನ ಮೇಲಿತ್ತು.

"ತಿಳೀತು," ಅಂದ ಅಣ್ಣ, ಫೋನನ್ನು ಅವಳ ಕೈಗೆ ಕೊಡುತ್ತಾ.

ಅದರ ಗಾಜಿನ ಮೇಲೆ, ಎಡದಿಂದ ಬಲಕ್ಕೆ, ಅವನ ಹೆಬ್ಬೆರಳಿನ ಮಣ್ಣು ಒಂದು ಗೆರೆ ಎಳೆದಿತ್ತು. ದಿನವೆಲ್ಲ ಗಾಜು ಉಜ್ಜಿ ಒರೆಸುವುದೇ ಕಸುಬಾದ ಅವಳು ಅದನ್ನು ಒರೆಸಲಿಲ್ಲ. ಹಾಗೇ ಸೆರಗಿನಲ್ಲಿ ಸುತ್ತಿಕೊಂಡಳು.