ಹೆಸರು ಮುಚ್ಚಿದ ಅರ್ಜಿಗಳು

ಚಳಿ ಹಿಂದೆಗೆದು ಬಿಸಿಲಿನ್ನೂ ಬಲಿಯದ ಕಾಲ. ಸೋಮವಾರ ಬೆಳಿಗ್ಗೆ ಹತ್ತು ಹೊಡೆದಿತ್ತು. ಮೂರನೇ ಮಹಡಿಯ ಕೋಣೆಯಲ್ಲಿ ಮಾರುದ್ದದ ಮೇಜು, ಕೂತವರು ಮೂರೇ ಜನ. ಏಣಿ ಎಷ್ಟು ಭಾರ ತಾಳಬೇಕು, ಮೆಟ್ಟಿಲು ಎಷ್ಟು ದಪ್ಪ ಇರಬೇಕು ಅಂತ ಹತ್ತಾರು ದೇಶಗಳು ಕೂಡಿ ನಿಗದಿ ಮಾಡುವ ಸಂಸ್ಥೆ ಅದು. ಅದರ ಆಡಳಿತ ಮಂಡಳಿಗೆ ತಕ್ಕವರು ಯಾರು ಎಂದು ಸೋಸಿ, ಸದಸ್ಯರ ಮತಕ್ಕೆ ಪಟ್ಟಿ ಕಳಿಸುವುದು ಈ ಮೂವರ ನಾಮನಿರ್ದೇಶನ ಸಮಿತಿಯ ಕೆಲಸ: ಅಧ್ಯಕ್ಷರು, ಲೋಹದ ಪಾಠ ಹೇಳುವ ಮೇಷ್ಟ್ರು, ಮತ್ತೆ ಏಣಿಯಕ್ಕ. ಈಕೆ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಏಣಿಗಳ ಮೇಲೆ ಮರಳುಮೂಟೆ ಹೇರಿ, ಮುರಿಯುವ ತನಕ ನಿಂತು ನೋಡಿದವಳು. ಓದು ನಾಲ್ಕನೇ ತರಗತಿ. ಆದರೆ ಒಮ್ಮೆ ಕಂಡದ್ದನ್ನು ಮರೆತವಳಲ್ಲ.

ಅಲ್ಲಿನ ಪದ್ಧತಿಯೆಂದರೆ, ಅರ್ಜಿಯ ಹೆಸರಿನ ಮೇಲೆ ಕಾಗದದ ಚೂರು ಅಂಟಿಸಿ, ಬರೀ ನಂಬರು ಹಾಕಿ ಓದುವುದು. ಮುಖ ನೋಡಿ ಮಣೆ ಹಾಕಬಾರದು ಅಂತ.

"ನಾಲ್ಕನೇ ನಂಬರೇ ಸರಿ," ಅಂದರು ಅಧ್ಯಕ್ಷರು. "ಏಣಿ ಮಾರಿ ಪಳಗಿದವನು. ಎಡಗಿವಿ ಸ್ವಲ್ಪ ಮಂದ, ನನ್ನ ಎಡಕ್ಕೆ ಕೂರಿಸಿಕೊಂಡರಾಯ್ತು."

ಏಣಿಯಕ್ಕ ಅರ್ಜಿಯನ್ನು ಹಿಂದೆಮುಂದೆ ತಿರುವಿದಳು. "ಕಿವಿ ವಿಷಯ ಇದರಲ್ಲೆಲ್ಲೂ ಇಲ್ವಲ್ಲ ಸಾರ್?"

ಮೇಷ್ಟ್ರು ಕೆಮ್ಮಿದರು.

"ನಿಮ್ಮ ಭಾವಮೈದ ಅಲ್ವಾ?" ಅಂದಳು ಏಣಿಯಕ್ಕ. "ಹೋದ ವರ್ಷ ಊಟಕ್ಕೆ ಕರ್ಕೊಂಡು ಬಂದಿದ್ರಿ. ಅವರ ಎಡಗಡೆ ಕೂತು ಮೂರು ಸಲ ಉಪ್ಪು ಕೇಳಿದೆ. ಕೊನೆಗೆ ನಾನೇ ಎದ್ದು ತಗೊಂಡೆ."

"ಆಗ್ಲಿ, ಅವನೇ! ಯೋಗ್ಯತೆ ಇಲ್ವಾ ಅವನಿಗೆ?"

"ಇರಬಹುದು. ಅದನ್ನ ನಾನೂ ಮೇಷ್ಟ್ರೂ ನೋಡ್ಕೋತೀವಿ. ನೆಂಟರ ಅರ್ಜಿ ಬಂದ್ರೆ ಎದ್ದು ಹೊರಗೆ ಹೋಗಬೇಕು, ನಿಯಮ. ಏಳಿ."

ಅಧ್ಯಕ್ಷರ ದನಿ ತಗ್ಗಿತು. "ಅಕ್ಕಾ, ಶುಕ್ರವಾರಕ್ಕೆ ನಿಮ್ಮ ಅವಧಿ ಮುಗಿಯುತ್ತೆ. ಮುಂದುವರಿಸೋ ಕಾಗದಕ್ಕೆ ಸಹಿ ಹಾಕೋನು ನಾನು."

"ಮುರಿದ ಏಣಿ ಲೆಕ್ಕಕ್ಕೆ ಬರೀಬೇಡ ಅಂತ ಕಾರ್ಖಾನೆ ಯಜಮಾನರೂ ಹೀಗೇ ಹೆದರಿಸಿದ್ರು. ಬರೆದೆ. ಕೂತವರೆಲ್ಲರ ಸಹಿ ಬೀಳದೆ ಪಟ್ಟಿ ಹೊರಡಲ್ಲ. ನೀವು ಕೂತಿರೋ ತನಕ ನಂದು ಬೀಳಲ್ಲ."

ಅಧ್ಯಕ್ಷರು ಮೇಷ್ಟ್ರ ಕಡೆ ನೋಡಿದರು. ಯಾರಿಗೂ ಎದುರಾಡಿದ ಪ್ರಾಣಿಯಲ್ಲ ಅದು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಕೊನೆಗೆ ಮುಚ್ಚಿ ಜೇಬಿಗಿಟ್ಟು, "ನಂದೂ ಬೀಳಲ್ಲ," ಅಂದರು, ಮೇಜಿಗೆ ಹೇಳುವವರ ಹಾಗೆ.

ಅಧ್ಯಕ್ಷರ ಹಿಂದೆ ಬಾಗಿಲು ದಢಾರನೆ ಬಡಿದುಕೊಂಡಿತು. ಉಳಿದ ಇಬ್ಬರು ಮಧ್ಯಾಹ್ನದವರೆಗೂ ಓದಿದರು. 'ಸಮಿತಿಯಲ್ಲಿ ನೆಂಟರಿದ್ದಾರೆಯೇ?' ಎಂಬ ಸಾಲಿನಲ್ಲಿ ನಾಲ್ಕನೇ ನಂಬರಿನವರು 'ಇಲ್ಲ' ಎಂದು ಬರೆದಿದ್ದರು. ಅಷ್ಟಕ್ಕೇ ಆ ಅರ್ಜಿ ಪಕ್ಕಕ್ಕೆ ಹೋಯಿತು. ಬುಧವಾರ ಎರಡೇ ಸಹಿ ಹೊತ್ತು ಪಟ್ಟಿ ಹೊರಟಿತು.

ಮುಂದುವರಿಕೆಯ ಕಾಗದ ಬರಲಿಲ್ಲ. ಏಣಿಯಕ್ಕ ಕೇಳಲೂ ಇಲ್ಲ. ಮೆಟ್ಟಿಲ ಬಳಿ ಅಧ್ಯಕ್ಷರು, "ಏನು ಸಾಧಿಸಿದ ಹಾಗಾಯ್ತು?" ಅಂದರು.

"ಪಟ್ಟಿ ನೋಡಿ, ಗೊತ್ತಾಗುತ್ತೆ."

ಆಕೆ ಹೊರಟದ್ದು ಶುಕ್ರವಾರ.