ಸಾವ್ಕಾರರ ಉಡಿದಾರ

ಹೊನ್ನಾಳಿಯ ರುದ್ರಮುನಿ ಸಾವ್ಕಾರರು ವೇದಿಕೆ ಸಿಕ್ಕರೆ ಸಾಕು, ಜಾತಿ ಇಲ್ಲ, ಮತ ಇಲ್ಲ, ಮನುಷ್ಯರೆಲ್ಲ ಒಂದೇ ಎಂದು ಅರ್ಧ ತಾಸು ಮಾತಾಡುವ ಮನುಷ್ಯ. ವೇದಿಕೆ ಇಳಿದು ತಮ್ಮ ಬೀಜ-ಗೊಬ್ಬರದ ಅಂಗಡಿಗೆ ಬಂದರೆ ಎಲ್ಲರಿಗೂ ಗಾಜಿನ ಲೋಟದಲ್ಲಿ ಚಹಾ, ನನಗೆ ಮಾತ್ರ ಪೇಪರ್ ಕಪ್ಪು. ಅವರು ನಮ್ಮ ನಾಲ್ಕು ತಾಲ್ಲೂಕಿನ ಬೀಜದಂಗಡಿಯವರ ಸಂಘದ ಅಧ್ಯಕ್ಷರು. ತಿಂಗಳಿಗೊಂದು ಮೀಟಿಂಗು, ಅದೂ ಅವರ ಅಂಗಡಿಯಲ್ಲೇ. ಹದಿನಾಲ್ಕು ವರ್ಷ ಆ ಕಪ್ಪಿನಲ್ಲಿ ಕುಡಿದಿದ್ದೇನೆ. ಒಮ್ಮೆ ತಡೆಯಲಾರದೆ ಕೇಳಿಯೇ ಬಿಟ್ಟಿದ್ದೆ.

"ಹೈಜೀನ್ ಕಣೋ ಆಂಜನೇಯ," ಎಂದಿದ್ದರು. "ನೀನು ದೂರದಿಂದ ಬಸ್ಸಿನಾಗೆ ಬರ್ತೀಯ. ನಿನ್ನ ಆರೋಗ್ಯಕ್ಕೇ ಹೇಳೋದು."

ಬಸ್ಸಿನಲ್ಲಿ ಬರುವವನು ನಾನೊಬ್ಬನೇ ಏನು? ನ್ಯಾಮತಿ ತಾಲ್ಲೂಕು ಗೋವಿನಕೋವಿಯ ಕೆಂಚೇಶನೂ ಬಸ್ಸಿನಲ್ಲೇ ಬರುತ್ತಾನೆ. ಅವನ ಆರೋಗ್ಯ ಏನಾದರೂ ಆಗಲಿ ಎಂದು ಗಾಜಿನ ಲೋಟದಲ್ಲೇ ಕುಡಿಸುತ್ತಾರೆ. ನಾನು ಜಗಳೂರು ತಾಲ್ಲೂಕು ಸೊಕ್ಕೆಯವನು. ನನ್ನ ಜಾತಿ ಯಾವುದೆಂದು ಸಾವ್ಕಾರರಿಗೆ ಗೊತ್ತು, ನನಗೆ ಗೊತ್ತು, ಆ ಕಪ್ಪಿಗೂ ಗೊತ್ತು. ಒಂದೇ ಒಂದು ಸಲ ಆ ಅಂಗಡಿಯಲ್ಲಿ, ಎಲ್ಲರ ಕಣ್ಣೆದುರು, ಗಾಜಿನ ಲೋಟದಲ್ಲಿ ಚಹಾ ಕುಡಿಯಬೇಕು ಅನ್ನುವುದು ನನ್ನ ಆಸೆ. ಆಸೆ ಅಂದರೆ ಸಣ್ಣ ಮಾತಾಯಿತು. ಅದು ಹೊಟ್ಟೆಯೊಳಗಿನ ಕಿಚ್ಚು.

ಹೀಗಿರುವಾಗ ಮೆಕ್ಕೆಜೋಳದ ಬೀಜದ ಕಂಪನಿಯೊಂದು ತಾಲ್ಲೂಕಿಗೊಬ್ಬರಂತೆ ಹೆಚ್ಚು ಬೀಜ ಮಾರಿದವರನ್ನು ಆರಿಸಿ ಐದು ದಿನ ಚೀನಾಕ್ಕೆ ಕಳಿಸಿತು. ಹೊನ್ನಾಳಿಯಿಂದ ಸಾವ್ಕಾರರು, ನ್ಯಾಮತಿಯಿಂದ ಕೆಂಚೇಶ, ಚನ್ನಗಿರಿಯಿಂದ ಸಂತೇಬೆನ್ನೂರಿನ ಪಾಲಣ್ಣ, ಜಗಳೂರಿನಿಂದ ನಾನು. ಹೊರಡುವ ದಿನ ನಮ್ಮವ್ವ ಗಾದ್ರಮ್ಮ ಕಟಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಪುಡಿಯನ್ನೂ ಕಟ್ಟಿಕೊಟ್ಟಳು. ಚಟ್ನಿಪುಡಿಯ ಪೊಟ್ಟಣದ ಬಾಯಿಗೆ ಕೈಗೆ ಸಿಕ್ಕ ಹೊಸ ಕರಿದಾರವನ್ನು ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದಳು. "ಇದು ಬಿಚ್ಚಿದ್ರೆ ನಿನ್ನ ಅಂಗಿಯೆಲ್ಲ ಖಾರ ಆಗ್ತೈತೆ, ಹುಷಾರು," ಎಂದಳು.

ಕಂಪನಿಯವರು ನಮ್ಮನ್ನು ಇಳಿಸಿದ್ದು ಗುವಾಂಗ್‌ಝೌ ಊರಾಚೆಯ ಒಂದು ಹೋಟೆಲಿನಲ್ಲಿ. ಹೆಸರು ಓದಲು ಬರಲಿಲ್ಲ. ಅಗ್ಗದ ಹೋಟೆಲು ಅನ್ನುವುದು ಒಳಗೆ ಕಾಲಿಟ್ಟ ಕೂಡಲೇ ಗೊತ್ತಾಯಿತು; ಲಿಫ್ಟಿನಲ್ಲಿ ಮೂವರು ನಿಂತರೆ ನಾಲ್ಕನೆಯವನು ಉಸಿರು ಬಿಗಿಹಿಡಿಯಬೇಕು. ಆದರೆ ಕೆಳಗಿನ ಮಹಡಿಯಲ್ಲಿ ಸ್ಪಾ ಇತ್ತು. ಬಿಸಿನೀರಿನ ದೊಡ್ಡ ತೊಟ್ಟಿ, ಹಬೆ ಕೋಣೆ, ಮೈ ಉಜ್ಜುವವರು, ಎಲ್ಲವೂ ರೂಮಿನ ಜೊತೆಗೇ ಪುಕ್ಕಟೆ.

ರೂಮು ಇಬ್ಬರಿಗೊಂದು. ಪಾಲಣ್ಣ, ಕೆಂಚೇಶ ಇಬ್ಬರೂ ಭಾವ-ಭಾಮೈದರು, ಒಂದು ರೂಮಿಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಉಳಿದವರು ಯಾರು? ಸಾವ್ಕಾರರು ಮತ್ತು ನಾನು. ಸಾವ್ಕಾರರ ಮುಖ ನೋಡಬೇಕಿತ್ತು, ಹರಳೆಣ್ಣೆ ಕುಡಿದ ಹಾಗೆ ಆಗಿತ್ತು. ಬೇರೆ ರೂಮು ಕೊಡಿ ಎಂದು ಕೌಂಟರಿನ ಹುಡುಗಿಗೆ ಬೆರಳಿನಲ್ಲಿ ಒಂದು, ಒಂದು ಎಂದು ತೋರಿಸಿದರು. ಅವಳು ನಗುತ್ತಾ ಒಂದು ಬಾಟಲಿ ನೀರು ಕೊಟ್ಟಳು.

ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಒಂದು, ಪಿಂಗಾಣಿ ಬಟ್ಟಲು ಎರಡು. ಸಾವ್ಕಾರರು ಎರಡೂ ಬಟ್ಟಲನ್ನು ತಮ್ಮ ಮಂಚದ ಕಡೆ ಎಳೆದುಕೊಂಡು, ಬ್ಯಾಗಿನಿಂದ ಒಂದು ಕಟ್ಟು ಪೇಪರ್ ಕಪ್ಪು ತೆಗೆದು ನನ್ನ ಕಡೆ ಇಟ್ಟರು. ಹೊನ್ನಾಳಿಯಿಂದ ಚೀನಾಕ್ಕೆ ಹೊತ್ತು ತಂದಿದ್ದರು! ನಾನು ಬಾಯಿ ತೆರೆದಿದ್ದರೆ ಹೊಡೆದೇ ಬಿಡುತ್ತಿದ್ದೆ.

ಅಷ್ಟರಲ್ಲಿ ಅವರು ಒಂದು ಚೀನಾ ಮಾತು ಕಲಿತಿದ್ದರು. ಅಲ್ಲಿನವರು ಹೂಂ ಅನ್ನಲು, ಸರಿ ಅನ್ನಲು 'ಹಾವ್' ಅನ್ನುತ್ತಾರೆಂದು ಗೈಡ್ ಹೇಳಿದ್ದ. ಸಾವ್ಕಾರರ ಬಾಯಲ್ಲಿ ಅದು 'ಹಾವು' ಆಯಿತು. ಅನ್ನ ಬಡಿಸಿದರೂ ಹಾವು, ಬಾಗಿಲು ತೆರೆದರೂ ಹಾವು. ಲಿಫ್ಟಿನಲ್ಲಿ "ಹಾವು ಹಾವು" ಎಂದು ಅವರು ಕೂಗಿದಾಗ ಪಾಲಣ್ಣ ಗಾಬರಿಬಿದ್ದು ಎರಡು ಸಲ ಕಾಲೆತ್ತಿ ಕುಣಿದಿದ್ದ.

ಮೂರನೆಯ ದಿನ ಮಧ್ಯಾಹ್ನ ಪಾಲಣ್ಣ, ಕೆಂಚೇಶ ಗೈಡ್ ಜೊತೆ ಪೇಟೆಗೆ ಹೋದರು. ಸಾವ್ಕಾರರು ಹೋಗಲಿಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಕುಳ, ಸ್ಪಾ ಬಿಡುತ್ತಾರೆಯೇ? ನನಗೂ ಮೊಣಕಾಲು ನೋಯುತ್ತಿತ್ತು, ಹಿಂದೆಯೇ ಹೋದೆ.

ಬಟ್ಟೆಯೆಲ್ಲ ಬಿಚ್ಚಿ ಪೆಟ್ಟಿಗೆಯಲ್ಲಿಡಬೇಕು. ಕೈಗೆ ಒಂದು ನಂಬರಿನ ಪಟ್ಟಿ ಕಟ್ಟುತ್ತಾರೆ, ಸಣ್ಣದೊಂದು ಟವೆಲ್ ಕೊಡುತ್ತಾರೆ, ಅಷ್ಟೇ. ಹೊನ್ನಾಳಿ ಸಾವ್ಕಾರರೂ ಸೊಕ್ಕೆಯ ಆಂಜನೇಯನೂ ಟವೆಲ್ ಹಿಡಿದು ಅಕ್ಕಪಕ್ಕ ನಿಂತಾಗ ಉಳಿದಿದ್ದು ಇಬ್ಬರ ಸೊಂಟದಲ್ಲೂ ಒಂದೊಂದು ಕರಿ ಉಡಿದಾರ. ನಾನು ತೊಟ್ಟಿಗೆ ಕಾಲು ಹಾಕಿದೆ. ಸಾವ್ಕಾರರು ತಡೆದರು.

"ನಾನು ಎದ್ದ ಮ್ಯಾಲೆ ನೀ ಇಳಿಯೋ."

"ಒಳಗೆ ಮೂವತ್ತು ಜನ ಅದಾರೆ. ಅವರ ಜಾತಿ ಕೇಳ್ಕೊಂಡು ಬಂದ್ರೇನ್ರಿ ಸಾವ್ಕಾರ್ರೆ?"

"ಅವರು ಫಾರಿನ್ನಿನವರು ಕಣೋ," ಎಂದರು. ಫಾರಿನ್ನಿನವರಿಗೆ ಮೈಲಿಗೆ ಇಲ್ಲವಂತೆ. ನಾನು ಇಳಿದೆ. ಅವರು ಆಚೆ ತುದಿಗೆ ಹೋಗಿ ಗಂಟಲುಮಟ್ಟ ಮುಳುಗಿ ಕೂತರು.

ಆಮೇಲೆ ಮೈ ಉಜ್ಜಿಸಿಕೊಳ್ಳುವ ಮಂಚ. ದಪ್ಪ ತೋಳಿನವನೊಬ್ಬ ಕೈಗೆ ಒರಟು ಚೀಲ ಹಾಕಿಕೊಂಡು ಸಾವ್ಕಾರರನ್ನು ಬೋರಲು ಮಲಗಿಸಿ ಎತ್ತಿನ ಮೈ ತಿಕ್ಕಿದ ಹಾಗೆ ತಿಕ್ಕಿದ. ಕಂತೆ ಕಂತೆ ಕೊಳೆ ಉದುರಿತು. ಪಕ್ಕದ ಮಂಚದಲ್ಲಿ ಮಲಗಿ ನೋಡುತ್ತಿದ್ದ ನನಗೆ ಅಷ್ಟು ಸಂತೋಷ ಯಾವ ಸಿನಿಮಾದಲ್ಲೂ ಆಗಿಲ್ಲ. ಉಜ್ಜುವವನಿಗೆ ಸೊಂಟದ ದಾರ ಅಡ್ಡ ಬರುತ್ತಿತ್ತು. ಅದನ್ನು ಬೆರಳಿನಿಂದ ಎತ್ತಿ, ಏನೋ ಕೇಳಿದ.

"ಹಾವು," ಎಂದರು ಸಾವ್ಕಾರರು, ಮುಖ ಎತ್ತದೆ.

ಅವನು ಗೋಡೆಗೆ ನೇತುಹಾಕಿದ್ದ ಕತ್ತರಿ ತೆಗೆದ. ಇನ್ನೊಂದು ಸಲ ಕೇಳಿದ.

"ಹಾವು, ಹಾವು!"

ಕಚಕ್ ಎಂದಿತು. ನಾನು "ಏಯ್" ಅನ್ನುವಷ್ಟರಲ್ಲಿ ಮುಗಿದಿತ್ತು.

ನಮ್ಮ ಕಡೆ ಗಂಡಸಿಗೆ ಕೂಸಿದ್ದಾಗ ಕಟ್ಟಿದ ಉಡಿದಾರ ಸಾಯುವತನಕ ಸೊಂಟದಲ್ಲಿರಬೇಕು. ಹಳೆಯದು ಜೀರ್ಣವಾದರೆ ಹೊಸದನ್ನು ಕಟ್ಟಿಕೊಂಡ ಮೇಲೇ ಹಳೆಯದನ್ನು ಬಿಚ್ಚುವುದು. ಬರಿ ಸೊಂಟ ಅಂದರೆ ಹೆಣದ ಸೊಂಟ. ಹೋಗುವಾಗ ಉಡಿದಾರವನ್ನೂ ಹರಿದೇ ಕಳಿಸುತ್ತಾರೆ ಎಂದು ಮಾತೇ ಇದೆ. ಸಾವ್ಕಾರರು ಸೊಂಟ ತಡವಿ ನೋಡಿಕೊಂಡರು. ನೆಲದ ಮೇಲೆ ಬಿದ್ದಿದ್ದ ದಾರ ಕಂಡಿತು. ಆ ಬಿಸಿ ಕೋಣೆಯಲ್ಲಿ ಅವರ ಹಲ್ಲು ಕಟಕಟ ಅಂದವು.

"ಸತ್ತೆನಲ್ಲೋ ಆಂಜನೇಯ! ಜೀವಂತ ಹೆಣ ಮಾಡಿಬಿಟ್ನಲ್ಲೋ!"

ಉಜ್ಜುವವನು ಹೆದರಿ ಮ್ಯಾನೇಜರನನ್ನು ಕರೆತಂದ. ಮ್ಯಾನೇಜರು ತನ್ನ ಫೋನು ಮುಂದೆ ಹಿಡಿದ. ಮಾತಾಡಿದರೆ ಚೀನಾ ಭಾಷೆಗೆ ತಿರುಗಿಸುವ ಫೋನು. ಸಾವ್ಕಾರರು ಅದರ ಮೇಲೆ ಬಾಯಿಟ್ಟು, "ಉಡಿದಾರ ಕತ್ತರಿಸಿದ, ನಾನು ಸತ್ತೆ," ಎಂದು ಅತ್ತರು. ಮ್ಯಾನೇಜರನ ಮುಖ ಬಿಳಿಚಿತು. ಅವನು ಏನೋ ಕೇಳಿದ. ಫೋನಿನ ಮೇಲೆ ಪುಸ್ತಕದ ಕನ್ನಡ ಮೂಡಿತು: 'ಮೃತರು ಯಾರು?'

"ನಾನೇ!" ಎಂದರು ಸಾವ್ಕಾರರು ಎದೆ ಬಡಿದುಕೊಂಡು.

ಇಬ್ಬರು ಬಂದು ಅವರ ಬಿ.ಪಿ. ನೋಡಿದರು. ಮ್ಯಾನೇಜರು ಮತ್ತೆ ಫೋನು ತೋರಿಸಿದ: 'ನೀವು ಚೆನ್ನಾಗಿ ಬದುಕಿದ್ದೀರಿ. ಅಭಿನಂದನೆಗಳು.'

ರೂಮಿಗೆ ಬಂದ ಮೇಲೂ ನಡುಕ ನಿಲ್ಲಲಿಲ್ಲ. ಹೋಟೆಲಿನ ನಿಲುವಂಗಿಯ ಪಟ್ಟಿ ಕಟ್ಟಿಕೊಂಡರು, ಬಿಚ್ಚಿ ಎಸೆದರು. ಬೂಟಿನ ಲೇಸು ನೋಡಿ, ಥೂ ಎಂದರು. ಕೊನೆಗೆ ಅವರ ಕಣ್ಣು ನನ್ನ ಮಂಚದ ಪಕ್ಕದ ಕಿಟಕಿಯ ಮೇಲೆ, ಅಲ್ಲಿದ್ದ ಚಟ್ನಿಪುಡಿ ಪೊಟ್ಟಣದ ಮೇಲೆ, ಅದರ ಕರಿದಾರದ ಮೇಲೆ ನಿಂತಿತು.

"ಆ ದಾರ..."

ಸೊಕ್ಕೆಯವರಿಗೆ ಸೊಕ್ಕು ಜಾಸ್ತಿ ಅನ್ನುತ್ತಾರೆ. ಆವತ್ತು ನನಗೆ ಬಂದಿದ್ದು ಅದೇ.

"ಅದು ಸುಮ್ನೆ ದಾರ ಅಲ್ರಿ. ನಮ್ಮವ್ವ ದೇವರ ಮುಂದಿಟ್ಟು ಮಂತ್ರಿಸಿ ಕೊಟ್ಟಿರೋದು. ಒಂದು ಸಲ ಉಡಿದಾರ ಕಡಿದುಹೋದೋನು ಇದನ್ನ ಕಟ್ಟಿಕೊಂಡ್ರೆ, ಆಮ್ಯಾಲೆ ನಮ್ಮವ್ವನ ಕೈಯಿಂದಲೇ ಬಿಚ್ಚಿಸ್ಬೇಕು. ತಾನೇ ಬಿಚ್ಚಿದ್ರೆ ಮೊದ್ಲು ಕಡಿದಾಗ ಬಂದ ಸಾವು ಖಾಯಂ ಆಗ್ತೈತೆ." ಬಾಯಿಗೆ ಬಂದದ್ದು ಹೇಳಿದೆ. ಚಟ್ನಿಪುಡಿಯ ಮೇಲಾಣೆ, ಅಷ್ಟೂ ಸುಳ್ಳು.

"ಕಟ್ಟಪ್ಪ, ಕಟ್ಟು, ಪುಣ್ಯ ಬರ್ತೈತೆ!"

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ 'ಅಪ್ಪ' ಅನ್ನಿಸಿಕೊಂಡೆ. "ಮುಟ್ಟಬೇಕಾಗ್ತೈತೆ," ಎಂದೆ. "ಹೈಜೀನ್?"

ಕೈ ಮುಗಿದರು. ನಾನು ನನ್ನ ಮಾತು ಹೇಳಿದೆ. ಮುಂದಿನ ಮೀಟಿಂಗಿನಲ್ಲಿ, ಎಲ್ಲರ ಮುಂದೆ, ಎಲ್ಲರಿಗೂ ಕೊಡುವ ಗಾಜಿನ ಲೋಟದಲ್ಲಿ ನನಗೂ ಚಹಾ. ಅವರು ಹೆಂಡತಿ ಸರ್ವಮಂಗಳಮ್ಮನ ಮೇಲೆ ಆಣೆಯಿಟ್ಟರು. ಪೊಟ್ಟಣದಿಂದ ದಾರ ಬಿಚ್ಚಿ ಅವರ ಸೊಂಟಕ್ಕೆ ಕಟ್ಟಿ, ನಮ್ಮವ್ವ ಹಾಕುವ ಹಾಗೆಯೇ ಗಂಟು ಹಾಕಿದೆ. ಸ್ವಲ್ಪ ಹೊತ್ತಿಗೆ ಅವರು ಸೊಂಟ ಕೆರೆದುಕೊಂಡರು.

"ಉರೀತೈತಲ್ಲೋ."

"ಶಕ್ತಿ ಸಾವ್ಕಾರ್ರೆ, ಶಕ್ತಿ," ಎಂದೆ. ಅವ್ವನ ಚಟ್ನಿಪುಡಿಗೆ ಖಾರ ಸ್ವಲ್ಪ ಮುಂದೆಯೇ. ದಾರವಿಲ್ಲದ ಪೊಟ್ಟಣ ಬ್ಯಾಗಿನಲ್ಲಿ ಬಿಚ್ಚಿಕೊಂಡು ನನ್ನ ಅಂಗಿಗಳೆಲ್ಲ ಕೆಂಪಾದವು, ಆಗಲಿ.

ಮುಂದಿನ ತಿಂಗಳ ಮೀಟಿಂಗಿಗೆ ಒಗೆದ ಅಂಗಿ ಹಾಕಿಕೊಂಡು ಮೊದಲನೆಯ ಬಸ್ಸಿಗೇ ಹೋದೆ. ಅಂಗಡಿ ತುಂಬಿತ್ತು. ಸಾವ್ಕಾರರು ಚೀನಾದ ಕಥೆ ಹೇಳುತ್ತಿದ್ದರು. ತಾವು ಮೂರೇ ದಿನಕ್ಕೆ ಆ ಭಾಷೆ ಕಲಿತದ್ದು, ಹೋಟೆಲಿನ ಮ್ಯಾನೇಜರು ತಮಗೆ ಅಭಿನಂದನೆ ಹೇಳಿದ್ದು. ಹೇಳುತ್ತಾ ಹೇಳುತ್ತಾ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಒಳಗಿನಿಂದ ಸರ್ವಮಂಗಳಮ್ಮ ತಟ್ಟೆ ತಂದಿಟ್ಟರು. ಎಲ್ಲವೂ ಗಾಜಿನ ಲೋಟ. ಸಾವ್ಕಾರರೇ ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಕೆಂಚೇಶ ಕಣ್ಣರಳಿಸಿ ನೋಡಿದ. ಲೋಟದ ಬಿಸಿ ಅಂಗೈಗೆ ಹತ್ತಿತು. ನಿಜ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟಕ್ಕಾಗಿ ಇಷ್ಟು ವರ್ಷ ಒಬ್ಬ ಮನುಷ್ಯ ಕಾಯಬೇಕಾಯಿತಲ್ಲ ಎಂದು ಸಿಟ್ಟೂ ಬಂತು. ಗುಟುಕು ಗುಟುಕಾಗಿ ಕುಡಿದೆ. ಕೊನೆಯ ಗುಟುಕಿಗೆ ಲೋಟ ಮೇಲೆತ್ತಿದಾಗ ತಳದಲ್ಲಿ ಏನೋ ಕೆಂಪಗೆ ಕಂಡಿತು. ತಿರುಗಿಸಿ ನೋಡಿದೆ. ಉಗುರಿಗೆ ಹಚ್ಚುವ ಬಣ್ಣದ ಒಂದು ಚುಕ್ಕೆ.

ಪಾಲಣ್ಣನ ಲೋಟ ನೋಡಿದೆ. ಚುಕ್ಕೆ ಇಲ್ಲ. ಕೆಂಚೇಶನದರಲ್ಲಿ ಇಲ್ಲ. ಯಾರದರಲ್ಲೂ ಇಲ್ಲ.

"ಇದೇನ್ರಿ ಸಾವ್ಕಾರ್ರೆ?"

"ಗುರುತಿಗೆ ಕಣೋ," ಎಂದರು ನಗುತ್ತಾ. "ನಿನ್ನ ಲೋಟ ನಿಂಗೇ ಸಿಗ್ಲಿ ಅಂತ. ಬ್ಯಾರೆ ಯಾರೂ ಕುಡಿಯಾಂಗಿಲ್ಲ, ಸ್ಪೆಷಲ್ಲು. ಹೈಜೀನ್ ಅಲ್ವಾ?"

ಕಿವಿಯವರೆಗೂ ಕಾದುಹೋಯಿತು. ಆದರೂ ದನಿ ಎತ್ತಲಿಲ್ಲ.

"ಭಾಳ ಒಳ್ಳೇದು. ಹಂಗಾರೆ ನಮ್ಮವ್ವನ ದಾರ ಬಿಚ್ಚಿ ಕೊಡ್ರಿ. ಅದೂ ನಮ್ಮನೇದೇ. ನಿಮ್ಮ ಹೈಜೀನ್ ಕೆಡಬಾರ್ದು."

ಸಾವ್ಕಾರರ ನಗು ಅಲ್ಲೇ ನಿಂತಿತು. ಎರಡೂ ಕೈ ಸೊಂಟಕ್ಕೆ ಹೋದವು.

"ಯಾವ ದಾರ ಮಾರಾಯ?" ಎಂದ ಪಾಲಣ್ಣ.

"ಹೇಳ್ಲಾ ಸಾವ್ಕಾರ್ರೆ? ಯಾವ ದಾರ, ಎಲ್ಲಿ ಕಟ್ಟಿದ್ದು, ಯಾಕೆ ಕಟ್ಟಿದ್ದು, ಹಾವು ಎಲ್ಲಿಂದ ಬಂತು?"

"ಸುಮ್ನಿರಪ್ಪ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಅವರು ಎದ್ದು ಬಂದರು. ನನ್ನ ಕೈಯಿಂದ ಲೋಟ ಕಿತ್ತುಕೊಂಡು ಬೋರಲು ಹಿಡಿದು, ಹೆಬ್ಬೆರಳ ಉಗುರಿನಿಂದ ಆ ಚುಕ್ಕೆ ಕೆರೆಯತೊಡಗಿದರು. ನಾನು ಕುಡಿದ ಎಂಜಲು ಲೋಟ. ಅಂಗಡಿಯಲ್ಲಿ ಇದ್ದವರೆಲ್ಲ ಕುತ್ತಿಗೆ ಚಾಚಿ ನೋಡಿದರು. ಸಂಘದ ಅಧ್ಯಕ್ಷರ ಹಣೆಯ ಮೇಲೆ ಬೆವರು ಮೂಡಿತು.

"ಜೋರಾಗಿ ಉಜ್ರಿ. ಚೀನಾದೋನು ನಿಮ್ಮ ಬೆನ್ನು ಉಜ್ಜಿದಂಗೆ."

ಒಳಗಿನಿಂದ ಸರ್ವಮಂಗಳಮ್ಮ ಇಣುಕಿದರು. "ಅದು ಉಗುರಿಗೆ ಹೋಗಾಕಿಲ್ಲ ಕಣ್ರೀ. ನಾನು ಎರಡೆರಡು ಸಲ ಬಳಿದೀನಿ. ನೀವೇ ಅಲ್ವಾ ಗಟ್ಟಿಯಾಗಿ ಬಳಿ ಅಂದೋರು?"

ಯಾರೋ ಹಿಂದಿನಿಂದ ಕಿಸಕ್ಕೆಂದರು. ಸಾವ್ಕಾರರು ತಲೆ ಎತ್ತಲಿಲ್ಲ, ಕೆರೆಯುತ್ತಲೇ ಇದ್ದರು. ಅರ್ಧ ಚುಕ್ಕೆ ಹೋಗಿತ್ತು, ಇನ್ನರ್ಧ ಉಳಿದಿತ್ತು. ನಾನು ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂತೆ.

"ಅವಸರ ಏನಿಲ್ಲ ಸಾವ್ಕಾರ್ರೆ. ಸೊಕ್ಕೆಗೆ ಕಡೇ ಬಸ್ಸು ಸಂಜೆಗೈತೆ."