ಮೇಜಿನ ಮೇಲೆ ನಾಲ್ಕು ಏಳು

ನಮ್ಮ ಹೊಲಿಗೆ ಅಂಗಡಿಯಲ್ಲಿ ಕಿಟಕಿ ಪಕ್ಕದ ಜಾಗ ಖಾಲಿಯಾಯಿತು. ಅದು ನನಗೆ ಬೇಕಿತ್ತು. ಹನ್ನೊಂದು ವರ್ಷ ಹಿಂದಿನ ಮೂಲೆಯಲ್ಲಿ, ಮಿಣಿಮಿಣಿ ಎನ್ನುವ ಟ್ಯೂಬ್‌ಲೈಟಿನ ಕೆಳಗೆ ಪ್ಯಾಂಟು ಹೊಲಿದು ರೋಸಿಹೋಗಿದ್ದೆ. ಭಾವನಿಗೂ ಅದೇ ಬೇಕಂತೆ. ಅಕ್ಕನ ಗಂಡ ಎಂದು ಬಿಟ್ಟುಕೊಡಲು ನಾನೇನು ಧರ್ಮಛತ್ರ ಇಟ್ಟಿರಲಿಲ್ಲ.

ಇಂಥ ತಕರಾರು ನಮ್ಮಲ್ಲಿ ತೀರುವುದು ಏಳೆಲೆ ಪೋಕರಿನಲ್ಲಿ. ಊಟದ ಬಿಡುವಿನಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾನು, ಭಾವ, ಅಕ್ಕ ಮೂವರ ಆಟ. ಪಣಕ್ಕೆ ಅಂಗಿಯ ಗುಂಡಿಗಳು. ಒಬ್ಬೊಬ್ಬರಿಗೂ ಮೂರು ಮುಚ್ಚಿದ ಎಲೆ, ನಾಲ್ಕು ತೆರೆದ ಎಲೆ. ಒಂದರ ಹಿಂದೊಂದು ಐದು ಎಲೆ ಕೂಡಿದರೆ ಸಾಲು; ಅದರ ಮುಂದೆ ಎರಡು ಜೋಡಿಯೂ ಸೋಲುತ್ತವೆ. ಆಟ ಬಿಟ್ಟವರೂ ತೆರೆದ ಎಲೆಗಳನ್ನು ಗೆದ್ದವರು ಗುಂಡಿ ಬಾಚಿಕೊಳ್ಳುವವರೆಗೆ ಹಾಗೇ ಬಿಡಬೇಕು. ಅದು ಅಕ್ಕ ಮಾಡಿದ ಕಟ್ಟಳೆ.

ಆಟ ಕಲಿಸಿದ್ದೇ ಭಾವ. “ಸಾಲು ಕಟ್ಟೋಕೆ ಹೊರಟಾಗ ಕೈಲಿರೋದನ್ನ ನೋಡ್ಬೇಡ, ಬರಬೇಕಾಗಿರೋದನ್ನ ಎಣಿಸು. ಎರಡೂ ತುದಿ ತೆರೆದಿದ್ರೆ ಎಂಟು ಎಲೆ ನಿನ್ನವು. ಅದ್ರಲ್ಲಿ ಮೂರು ಆಗಲೇ ಬೇರೆಯವರ ಮುಂದೆ ಬಿದ್ದಿದ್ರೆ ತೆಪ್ಪಗೆ ಬಿಟ್ಬಿಡು. ನಡುವೆ ತೂತಿದ್ರೆ ನಾಲ್ಕೇ ಎಲೆ. ಅದ್ರಲ್ಲಿ ಒಂದು ಹೋದ್ರೂ ಗುಂಡಿ ಹಾಕೋನು ಪೆದ್ದ.” ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಇಬ್ಬರ ಗುಂಡಿಗಳೂ ಸಮ ಇದ್ದಾಗ ಕೊನೆಯ ಆಟ ಬಂತು. ಗೆದ್ದವರಿಗೆ ಕಿಟಕಿ. ನನ್ನಲ್ಲಿ ರಾಜರ ಜೋಡಿ, ಏಳರ ಜೋಡಿ. ಎರಡು ಏಳೂ ಮೇಜಿನ ಮೇಲೆ ತೆರೆದಿದ್ದವು. ಉಳಿದೆರಡು ಏಳು ಅಕ್ಕನ ಮುಂದೆ. ಆರನೇ ಎಲೆಗೇ ಆಟ ಬಿಟ್ಟ ಅವಳು ಕಾಜಾ ಹೊಲಿಯುತ್ತ ಕೂತಿದ್ದಳು. ಭಾವನ ಮುಂದೆ ಐದು, ಆರು, ಎಂಟು, ಒಂಬತ್ತು. ನಡುವಿನ ಏಳು ಬರುವ ಮಾತೇ ಇಲ್ಲ. ಒಳಗೊಳಗೇ ಹಿಗ್ಗಿದೆ.

ಕೊನೆಯ ಎಲೆಯನ್ನು ಭಾವ ಮೂಗಿನ ಹತ್ತಿರ ಹಿಡಿದು ನೋಡಿ, ಮುಖವೆಲ್ಲ ನಕ್ಕರು. “ಏಳು ಬಂತು ಕಣೋ! ಸಾಲು ಕಟ್ತು. ತಗೋ, ಇರೋ ಗುಂಡಿ ಎಲ್ಲಾ ಹಾಕ್ದೆ.”

ಸುಳ್ಳು ಹೇಳಿ ಹೆದರಿಸುತ್ತಿದ್ದಾರೆ ಎಂದುಕೊಂಡೆ. ಆದರೆ ಗಿರಾಕಿಗೆ “ನಾಳೆ ಕೊಡ್ತೀನಿ” ಎಂದು ಕೂಡ ಸುಳ್ಳು ಹೇಳಲು ಬಾರದ ದರ್ಜಿ ಅವರು. ನಾಲ್ಕು ಏಳೂ ಅವರಿಂದ ಒಂದು ಮೊಳ ದೂರದಲ್ಲಿ ಬಿದ್ದಿದ್ದವು. ಅವರಿಗೆ ಕಾಣುತ್ತಿರಲಿಲ್ಲ. ಹೋದ ವಾರ ಕೋಟಿನ ತೋಳು ಸೊಟ್ಟಗೆ ಬಂದಾಗ, ಗಿರಾಕಿಯ ಎದುರೇ ಭಾವನಿಗೆ ನಿಗಾ ಇಲ್ಲ ಎಂದು ಗೊಣಗಿದ್ದೆ.

ಅಕ್ಕನ ಕಡೆ ನೋಡಿದೆ. ಅವಳ ಸೂಜಿ ನಿಂತಿತ್ತು. ಬಾಯಿ ಬಿಡಬೇಡ ಎಂಬಂತೆ ತಲೆ ಆಡಿಸಿದಳು.

“ಬಿಟ್ಟೆ ಭಾವ,” ಎಂದೆ.

ಅಕ್ಕ ತನ್ನ ಕಟ್ಟಳೆಯನ್ನು ತಾನೇ ಮುರಿದು ಎಲ್ಲ ಎಲೆಗಳನ್ನೂ ಸರ್ರನೆ ಬಾಚಿಕೊಂಡಳು. ಭಾವ ಏಳು ಎಂದು ಓದಿದ್ದು ಇಸ್ಪೀಟಿನ ಎರಡು.

ಭಾವ ನನ್ನ ಬೆನ್ನು ತಟ್ಟಿದರು. “ಬೇಜಾರು ಮಾಡ್ಕೋಬೇಡ. ಎಷ್ಟು ಸಲ ಹೇಳಿದೀನಿ, ಮೇಜಿನ ಮೇಲಿರೋ ಎಲೆ ಎಣಿಸು ಅಂತ? ನೀನು ಎಣಿಸೋದೇ ಇಲ್ಲ.”

“ಹೌದು ಭಾವ, ಎಣಿಸ್ಲಿಲ್ಲ,” ಎಂದು ಅವರ ಮಿಷಿನ್ನಿನ ಒಂದು ತುದಿ ಹಿಡಿದು ಕಿಟಕಿಯ ಕಡೆಗೆ ಎತ್ತಿದೆ.